‘ಸಿಸ್ಟಮ್ ಫೈಲ್ ಕೆಟ್ಟಿದೆ’ ಅಂತ ಕಂಪ್ಯೂಟರ್ ಹೇಳಿದಾಗ: ಫಾರ್ಮ್ಯಾಟ್ ಮಾಡಿಸುವ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸಗಳು

ಹೋದ ವರ್ಷ ಆಷಾಢದಲ್ಲಿ, ಜಡಿಮಳೆಯ ಒಂದು ಸಂಜೆ, ತೀರ್ಥಹಳ್ಳಿ ಹತ್ತಿರದ ಊರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. "ಕಂಪ್ಯೂಟರ್ ಆನ್ ಏನೋ ಆಗುತ್ತೆ ಮಾರಾಯ. ಏನು ತೆರೆಯೋಕೆ ಹೋದ್ರೂ ಯಾವುದೋ ಡಿಎಲ್‌ಎಲ್ ಇಲ್ಲ ಅಂತ ಬರುತ್ತೆ. ಅಂಗಡಿಯವನು ಫಾರ್ಮ್ಯಾಟ್ ಹೊಡೀಬೇಕು ಅಂದ. ಕೊಟ್ಟು ಬರ್ಲಾ?"

"ಬೇಡ ಚಿಕ್ಕಪ್ಪ, ಈಗಲೇ ಕೊಡ್ಬೇಡಿ. ಮನೇಲಿ ಪೆನ್‌ಡ್ರೈವ್ ಇದೆಯಾ ಮೊದ್ಲು ನೋಡಿ."

ಅವರು ನಿವೃತ್ತ ಮೇಷ್ಟ್ರು. ಊರಿನ ಕೆರೆ, ದೇವಸ್ಥಾನ, ಹಳೆಯ ಮನೆತನಗಳ ಬಗ್ಗೆ ಹನ್ನೆರಡು ವರ್ಷದಿಂದ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆರು ತಿಂಗಳ ಹಿಂದೆ ಇದೇ ತೊಂದರೆಗೆ ಇದೇ ಕಂಪ್ಯೂಟರನ್ನು ಒಮ್ಮೆ ಫಾರ್ಮ್ಯಾಟ್ ಮಾಡಿಸಿದ್ದರು. ಆಗ ಬರಹ ಉಳಿದದ್ದು ಅದೃಷ್ಟ. ತೊಂದರೆ ಮಾತ್ರ ವಾಪಸ್ ಬಂದಿತ್ತು. ಯಾಕೆ ಅಂದರೆ ಫೈಲ್ ಕೆಟ್ಟಿದ್ದು ಯಾಕೆ ಅಂತ ಆಗ ಯಾರೂ ನೋಡಿರಲಿಲ್ಲ.

ನಾನು ಹೇಳಬೇಕಾದ್ದು ಮುಖ್ಯವಾಗಿ ಅಷ್ಟೇ. ಸಿಸ್ಟಮ್ ಫೈಲ್, ಅಂದರೆ ವಿಂಡೋಸ್ ನಡೆಯಲು ಬೇಕಾದ ಅದರದ್ದೇ ಫೈಲ್, ಸುಮ್ನೆ ಕೆಡುವುದಿಲ್ಲ. ಕೆಟ್ಟ ಫೈಲನ್ನು ಸರಿಮಾಡುವುದು ಸುಲಭ, ಅದಕ್ಕೆ ಬೇಕಾದ ಸಲಕರಣೆ ವಿಂಡೋಸ್‌ನಲ್ಲೇ ಇದೆ. ಆದರೆ ಅದಕ್ಕೆ ಮುಂಚೆ ನಿಮ್ಮ ಬರಹ, ಫೋಟೋ ಹೊರಗೆ ಬರಬೇಕು. ಆಮೇಲೆ ಡಿಸ್ಕ್ ಗಟ್ಟಿ ಇದೆಯಾ ಅಂತ ನೋಡಬೇಕು. ಈ ಕ್ರಮ ತಪ್ಪಿದರೆ ರಿಪೇರಿಯೇ ಹಾನಿ ಮಾಡಬಹುದು.

ಈ ಬರಹ ವಿಂಡೋಸ್ 10 ಮತ್ತು 11ಕ್ಕೆ. ಕಮಾಂಡ್‌ಗಳನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದ ಹಾಗೆಯೇ ಬರೆಯುತ್ತೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ‘ಗ್ಯಾಪ್’ ಅಂದರೆ ಸ್ಪೇಸ್‌ಬಾರ್ ಒಂದು ಸಲ. ‘ಸ್ಲ್ಯಾಶ್’ ಅಂದರೆ ಪ್ರಶ್ನೆಚಿಹ್ನೆ ಇರುವ ಕೀಲಿಯಲ್ಲಿನ ಓರೆಗೆರೆ. ‘ಬ್ಯಾಕ್‌ಸ್ಲ್ಯಾಶ್’ ಅಂದರೆ ಎಂಟರ್ ಕೀಲಿಯ ಹತ್ತಿರ ಇರುವ, ತಲೆ ಎಡಕ್ಕೆ ವಾಲಿದ ಗೆರೆ. ಈ ಎರಡು ಅದಲುಬದಲಾದರೆ ಯಾವ ಕಮಾಂಡೂ ಕೆಲಸ ಮಾಡುವುದಿಲ್ಲ. ದೊಡ್ಡಕ್ಷರವೋ ಸಣ್ಣಕ್ಷರವೋ ಅನ್ನುವುದು ಮುಖ್ಯವಲ್ಲ.

ಮೊದಲು ಫೋಟೋ ತೆಗೆಯಿರಿ

ತೆರೆಯ ಮೇಲೆ ಬಂದ ತಪ್ಪಿನ ಸಂದೇಶವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. "ಏನೋ ಎರರ್ ಬಂತು" ಅನ್ನುವುದರಿಂದ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ. ಫೈಲಿನ ಹೆಸರು, ಸೊನ್ನೆ ಎಕ್ಸ್‌ನಿಂದ ಶುರುವಾಗುವ ಕೋಡ್, ಯಾವ ಪ್ರೋಗ್ರಾಮ್ ತೆರೆದಾಗ ಬಂತು, ಈ ಮೂರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಸಂದೇಶದಲ್ಲಿ ಫೋನ್ ನಂಬರ್ ಇದ್ದರೆ, ಜೋರಾಗಿ ಸದ್ದು ಮಾಡುತ್ತಿದ್ದರೆ, "ಕೂಡಲೇ ಈ ನಂಬರಿಗೆ ಕರೆ ಮಾಡಿ" ಅಂದರೆ ಅದು ಮೋಸ. ಮೈಕ್ರೋಸಾಫ್ಟ್ ತನ್ನ ಎರರ್ ಸಂದೇಶದಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಅದು ಬರೀ ಒಂದು ವೆಬ್ ಪುಟ, ಪೂರ್ತಿ ತೆರೆ ತುಂಬಿಕೊಂಡು ಕೂತಿರುತ್ತದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ. ಯಾರಾದರೂ ಈಗಾಗಲೇ ಕರೆ ಮಾಡಿ ಹಣ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಬರಹ, ಫೋಟೋ ಹೊರಗೆ ತೆಗೆಯುವುದು

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ ಅಂದರೆ ಈ ಕೆಲಸ ಈಗಲೇ ಮಾಡಿ. ನಾಳೆ ಆನ್ ಆಗದೆಯೂ ಇರಬಹುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಈ ನಾಲ್ಕು ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಕಾಪಿ ಮಾಡಿ. ಅಂಗಡಿ ಲೆಕ್ಕ ಇಡುವವರು ಟ್ಯಾಲಿಯ ಡೇಟಾ ಫೋಲ್ಡರನ್ನು ಮರೆಯಬಾರದು. ಅದು ಬಹಳ ಸಲ ಡಾಕ್ಯುಮೆಂಟ್ಸ್‌ನ ಹೊರಗೆ ಬೇರೆ ಕಡೆ ಇರುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಜಾಗ ನೋಡಬೇಕು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ದಾಖಲೆಗಳು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿಯಲ್ಲಿ, ಇರುವುದಿಲ್ಲ. ಅದೇ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಎಷ್ಟೋ ಜನ ಅದನ್ನು ನೋಡಿ ಫೈಲೇ ಕೆಟ್ಟಿತು ಅಂದುಕೊಂಡು ಅಳಿಸಿದ್ದಾರೆ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಫಾಂಟ್ಸ್ ಫೋಲ್ಡರ್ ತೆರೆದು, ನುಡಿ, ಬರಹದ ಫಾಂಟ್‌ಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ.

ಕಾಪಿ ಆಗುವಾಗ ಒಂದು ಫೈಲಿನ ಹತ್ತಿರ ನಿಂತುಬಿಟ್ಟರೆ, ಡಿಸ್ಕ್‌ನಿಂದ ಕಟಕಟ ಸದ್ದು ಬಂದರೆ, ಆ ಫೈಲನ್ನು ಬಿಟ್ಟು ಮುಂದಿನದನ್ನು ತೆಗೆಯಿರಿ. ಹಟ ಹಿಡಿಯಬೇಡಿ. ಸಾಯುತ್ತಿರುವ ಡಿಸ್ಕ್‌ನಿಂದ ಆದಷ್ಟು ಜಾಸ್ತಿ ಹೊರಗೆ ತರುವುದು ಮುಖ್ಯ.

ಇದರ ಜೊತೆಗೆ ಇನ್ನೊಂದು ಕೆಲಸ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ರಿಪೇರಿ ತೆರೆಗೆ ಹೋದಾಗ ಅದು 48 ಅಂಕಿಯ ಕೀ ಕೇಳಬಹುದು. ಲ್ಯಾಪ್‌ಟಾಪ್‌ಗೆ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದೀರೋ, ಮೊಬೈಲಿನಲ್ಲಿ ಅದೇ ಖಾತೆಗೆ ಹೋದರೆ ಸಾಮಾನ್ಯವಾಗಿ ಆ ಕೀ ಸಿಗುತ್ತದೆ. ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಒಳಗಿನ ಬರಹಕ್ಕೆ ಬೇರೆ ದಾರಿಯೇ ಇಲ್ಲ.

ತಪ್ಪು ಯಾರದ್ದು: ಪ್ರೋಗ್ರಾಮಿನದ್ದೋ ವಿಂಡೋಸ್‌ನದ್ದೋ

ಡಿಎಲ್‌ಎಲ್, ಅಂದರೆ ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಫೈಲ್, ಇಲ್ಲ ಅಂತ ಬಂದ ಕೂಡಲೇ ವಿಂಡೋಸ್ ಕೆಟ್ಟಿದೆ ಅಂತ ಅಲ್ಲ. ಒಂದೇ ಪ್ರೋಗ್ರಾಮ್ ತೆರೆದಾಗ ಮಾತ್ರ ಬರುತ್ತದಾ? ಫೈಲಿನ ಹೆಸರು ‘ವಿಸಿರನ್‌ಟೈಮ್140’ ಅಥವಾ ‘ಎಂಎಸ್‌ವಿಸಿಪಿ140’ ಅಂತ ಇದೆಯಾ? ಹಾಗಾದರೆ ಅದು ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಪೊಟ್ಟಣದ ಫೈಲು. ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಿಂದ ಅದನ್ನು ಇಳಿಸಿ ಹಾಕಿದರೆ ಮುಗಿಯಿತು. 64 ಬಿಟ್ ಕಂಪ್ಯೂಟರ್ ಆದರೂ ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ. ಹಳೆಯ 32 ಬಿಟ್ ಪ್ರೋಗ್ರಾಮ್‌ಗಳಿಗೆ ಮೊದಲನೆಯದೇ ಬೇಕು.

ಹಳೆಯ ಗೇಮ್ ಹಾಕಿದಾಗ ‘ಡಿ3ಡಿಎಕ್ಸ್9’ ಅಂತ ಶುರುವಾಗುವ ಹೆಸರು ಬಂದರೆ ಡೈರೆಕ್ಟ್‌ಎಕ್ಸ್‌ನ ಹಳೆಯ ರನ್‌ಟೈಮ್ ಪೊಟ್ಟಣ ಬೇಕು. ಅದೂ ಮೈಕ್ರೋಸಾಫ್ಟ್‌ನಲ್ಲೇ ಸಿಗುತ್ತದೆ.

ಬಿಡಿ ಡಿಎಲ್‌ಎಲ್ ಫೈಲನ್ನು ‘ಫ್ರೀ ಡೌನ್‌ಲೋಡ್’ ತಾಣಗಳಿಂದ ತಂದು ಸಿಸ್ಟಮ್32, ಅಂದರೆ ವಿಂಡೋಸ್ ತನ್ನ ಫೈಲುಗಳನ್ನು ಇಡುವ ಫೋಲ್ಡರ್, ಒಳಗೆ ಹಾಕಬೇಡಿ. ಯಾವ ಆವೃತ್ತಿಯದ್ದೋ, ಒಳಗೆ ಏನು ಸೇರಿಸಿದ್ದಾರೋ ತಿಳಿಯುವ ದಾರಿ ನಮಗಿಲ್ಲ. ದಾರಿಯಲ್ಲಿ ಸಿಕ್ಕ ಮಾತ್ರೆ ನುಂಗಿದ ಹಾಗೆ.

ಎಲ್ಲ ಪ್ರೋಗ್ರಾಮ್‌ಗಳಲ್ಲೂ ತೊಂದರೆ, ಸ್ಟಾರ್ಟ್ ಮೆನು ತೆರೆಯುವುದಿಲ್ಲ, ಅಪ್‌ಡೇಟ್ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತದೆ, ನೀಲಿ ತೆರೆ ಪದೇ ಪದೇ ಬರುತ್ತದೆ ಅಂದರೆ ಮಾತ್ರ ಮುಂದೆ ಓದಿ.

ಡಿಸ್ಕ್ ಮತ್ತು ರ‍್ಯಾಮ್

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ. ತೆರೆದ ಕೂಡಲೇ ಎಡಗಡೆ ಡಿಸ್ಕ್‌ನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಚೆನ್ನಾಗಿದೆ, ಹಳದಿ ಇದ್ದರೆ ಎಚ್ಚರ, ಕೆಂಪಾದರೆ ಕಥೆ ಮುಗಿದಿದೆ. ಹಾರ್ಡ್‌ಡಿಸ್ಕ್ ಆದರೆ ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಈ ಮೂರು ಸಾಲು ನೋಡಿ. 05 ಅಂದರೆ ಕೆಟ್ಟುಹೋಗಿ ಬೇರೆ ಕಡೆಗೆ ಬದಲಾಯಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಸಣ್ಣ ಸಣ್ಣ ತುಂಡು ಜಾಗಗಳು. ಸಿ5 ಅಂದರೆ ಓದಲು ಆಗದೆ ಬದಲಾವಣೆಗೆ ಕಾಯುತ್ತಿರುವವು. ಸಿ6 ಅಂದರೆ ಸರಿಪಡಿಸಲು ಆಗದವು.

ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಬಣ್ಣ ಹಳದಿ ಇತ್ತು. ವಾಟ್ಸ್‌ಆ್ಯಪ್‌ನಲ್ಲಿ ಅವರು ಕಳಿಸಿದ ಫೋಟೋ ಮಸುಕಾಗಿತ್ತು, ಆದರೆ ಸಿ5 ಸಾಲಿನ ಕೊನೆಯಲ್ಲಿ ಸೊನ್ನೆ ಇಲ್ಲ ಅನ್ನುವುದು ಕಾಣುತ್ತಿತ್ತು. ಆರು ತಿಂಗಳ ಹಿಂದಿನ ಫಾರ್ಮ್ಯಾಟ್ ಯಾಕೆ ಉಳಿಯಲಿಲ್ಲ ಅಂತ ಅಲ್ಲೇ ಗೊತ್ತಾಯಿತು. ಹೊಸ ವಿಂಡೋಸ್ ಹಾಕಿದ್ದು ಅದೇ ಹುಳುಕು ಜಾಗದ ಮೇಲೆ. ಅಂಥ ಡಿಸ್ಕ್‌ಗೆ ರಿಪೇರಿ ಕಮಾಂಡ್ ಓಡಿಸಬಾರದು. ಬರಹ ತೆಗೆದು ಡಿಸ್ಕ್ ಬದಲಿಸಬೇಕು, ಅಷ್ಟೇ.

ತಂತ್ರಾಂಶ ಇಳಿಸಲು ಆಗದವರು ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ‘ಡಿಸ್ಕ್’ ಅನ್ನುವ ಮೂಲದಿಂದ 7ನೇ ಸಂಖ್ಯೆಯ ತಪ್ಪು ಸಾಲುಸಾಲಾಗಿ ಇದ್ದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಇದೆ ಅಂತ ಅರ್ಥ. ಅಲ್ಲೇ ‘ಕರ್ನಲ್ ಪವರ್’ 41 ಅನ್ನುವುದು ಜಾಸ್ತಿ ಕಂಡರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ. ಬಹಳ ಸಲ ಅದು ಕರೆಂಟ್ ಹೋದ ಲೆಕ್ಕ.

ಕರೆಂಟ್ ಹೋದರೆ ಫೈಲ್ ಯಾಕೆ ಕೆಡುತ್ತದೆ? ಬರೆಯಬೇಕಾದ್ದರಲ್ಲಿ ಸ್ವಲ್ಪ ಭಾಗ ಇನ್ನೂ ಮೆಮೊರಿಯಲ್ಲೇ ಇರುತ್ತದೆ. ಅದು ಡಿಸ್ಕ್ ಮುಟ್ಟುವ ಮುಂಚೆ ಕರೆಂಟ್ ಹೋಯಿತು ಅಂದರೆ ಫೈಲ್ ಅರ್ಧ ಹಳೆಯದು, ಅರ್ಧ ಹೊಸದು. ಎನ್‌ಟಿಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ ತನ್ನ ಖಾತೆ ಪುಸ್ತಕವನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವುದನ್ನು, ಮತ್ತೆ ಆನ್ ಆದಾಗ ತಾನೇ ಸರಿಮಾಡಿಕೊಳ್ಳುತ್ತದೆ. ಫೈಲಿನ ಒಳಗಿನದ್ದು ಸರಿ ಇದೆಯೋ ಇಲ್ಲವೋ ಅದು ನೋಡುವುದಿಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಕೆಡುವುದು ಸಿಸ್ಟಮ್ ಫೈಲೇ.

ರ‍್ಯಾಮ್, ಅಂದರೆ ಕಂಪ್ಯೂಟರಿನ ಮೆಮೊರಿ, ಕೆಟ್ಟಿದ್ದರೂ ಇದೇ ಥರ ಆಗುತ್ತದೆ. ಒಳ್ಳೆಯ ಫೈಲ್ ಓದಿದರೂ ಮೆಮೊರಿಯಲ್ಲಿ ಕೆಡುತ್ತದೆ, ಕೆಟ್ಟದ್ದೇ ವಾಪಸ್ ಬರೆದುಬಿಡುತ್ತದೆ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ‘ಎಮ್ ಡಿ ಸ್ಕೆಡ್’ ಅಂತ, ಎಮ್ ಡಿ ಎಸ್ ಸಿ ಎಚ್ ಇ ಡಿ ಏಳು ಅಕ್ಷರ ಹೊಡೆದು ಎಂಟರ್ ಕೊಡಿ. ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತದೆ. ತಪ್ಪು ಕಂಡರೆ, ಡೆಸ್ಕ್‌ಟಾಪ್ ಆದರೆ, ಪ್ಲಗ್ ಕಿತ್ತು ರ‍್ಯಾಮ್ ಪಟ್ಟಿಯನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ ನೋಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಆ ಅಂಚಿಗೆ ಕಿಲುಬು ಹಿಡಿಯುವುದು ಹೊಸದಲ್ಲ.

ಎಸ್‌ಎಫ್‌ಸಿ: ಮೊದಲ ರಿಪೇರಿ

ಡಿಸ್ಕ್, ರ‍್ಯಾಮ್ ಎರಡೂ ಗಟ್ಟಿ ಇದ್ದರೆ ರಿಪೇರಿಗೆ ಬನ್ನಿ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ.

ಗದ್ದೆಯಲ್ಲಿ ಪೈರು ಇರುತ್ತದೆ, ಅಟ್ಟದ ಮೇಲೆ ಬಿತ್ತನೆ ಬೀಜ ಇರುತ್ತದೆ ಅಲ್ವಾ? ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವುದು ಗದ್ದೆ. ಅಟ್ಟದ ಹೆಸರು ವಿನ್‌ಎಸ್‌ಎಕ್ಸ್‌ಎಸ್. ಗದ್ದೆಯಲ್ಲಿ ಒಂದು ಫೈಲ್ ಕೆಟ್ಟರೆ ಎಸ್‌ಎಫ್‌ಸಿ, ಅಂದರೆ ಸಿಸ್ಟಮ್ ಫೈಲ್ ಚೆಕರ್, ಅಟ್ಟದಿಂದ ಒಳ್ಳೆಯ ಬೀಜ ತಂದು ನೆಡುತ್ತದೆ. ಅಟ್ಟದ ಬೀಜಕ್ಕೇ ಹುಳ ಹಿಡಿದಿದ್ದರೆ? ಆಗ ಡಿಸ್ಮ್ ಬೇಕು. ಅದು ಸೊಸೈಟಿಯಿಂದ, ಅಂದರೆ ವಿಂಡೋಸ್ ಅಪ್‌ಡೇಟ್‌ನಿಂದ, ಹೊಸ ಬೀಜ ತರಿಸಿ ಅಟ್ಟಕ್ಕೆ ಹಾಕುತ್ತದೆ.

ಹಾಗಾಗಿ ‘ಈ ಫೋಲ್ಡರ್ ಎಷ್ಟೊಂದು ಜಾಗ ತಿಂದಿದೆ’ ಅಂತ ವಿನ್‌ಎಸ್‌ಎಕ್ಸ್‌ಎಸ್ ಒಳಗೆ ಕೈ ಹಾಕಿ ಅಳಿಸಬೇಡಿ. ಜಾಗ ಬೇಕಿದ್ದರೆ ಸ್ಟಾರ್ಟ್‌ನಲ್ಲಿ ಡಿಸ್ಕ್ ಕ್ಲೀನಪ್ ಹುಡುಕಿ, ಅದರಲ್ಲಿ ‘ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್’ ಒತ್ತಿ. ಬೇಡದ್ದನ್ನು ಅದು ನೋಡಿಕೊಂಡು ತೆಗೆಯುತ್ತದೆ.

ಸ್ಟಾರ್ಟ್ ಒತ್ತಿ ‘ಸಿ ಎಮ್ ಡಿ’ ಟೈಪ್ ಮಾಡಿ. ಕಮಾಂಡ್ ಪ್ರಾಂಪ್ಟ್ ಕಾಣುತ್ತದೆ. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಕಪ್ಪು ಕಿಟಕಿಯ ತಲೆಯಲ್ಲಿ ಅಡ್ಮಿನಿಸ್ಟ್ರೇಟರ್ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನದು ನಡೆಯುವುದಿಲ್ಲ. ಆಮೇಲೆ:

ಎಸ್ ಎಫ್ ಸಿ, ಗ್ಯಾಪ್, ಸ್ಲ್ಯಾಶ್, ಸ್ಕ್ಯಾನ್‌ನೌ

ಸ್ಕ್ಯಾನ್, ನೌ ಎರಡೂ ಕೂಡಿ ಒಂದೇ ಪದ, ನಡುವೆ ಗ್ಯಾಪ್ ಇಲ್ಲ. ಎಂಟರ್. ಶೇಕಡಾ ಲೆಕ್ಕ ಮೆಲ್ಲಗೆ ಏರುತ್ತದೆ. ಎಸ್‌ಎಸ್‌ಡಿ, ಅಂದರೆ ಹೊಸ ಥರದ ವೇಗದ ಡಿಸ್ಕ್, ಇದ್ದರೆ ಬೇಗ, ಹಳೆಯ ಹಾರ್ಡ್‌ಡಿಸ್ಕ್ ಆದರೆ ಅರ್ಧ ಗಂಟೆಗೂ ಮೇಲೆ. ನಡುವೆ ಕಿಟಕಿ ಮುಚ್ಚಬೇಡಿ.

ಕೊನೆಗೆ ಬರುವ ಸಾಲನ್ನು ಸರಿಯಾಗಿ ಓದಿ. ‘ಡಿಡ್ ನಾಟ್ ಫೈಂಡ್ ಎನಿ ಇಂಟೆಗ್ರಿಟಿ ವಯೊಲೇಶನ್ಸ್’ ಅಂದರೆ ಸಿಸ್ಟಮ್ ಫೈಲುಗಳು ಸರಿ ಇವೆ, ತೊಂದರೆ ಬೇರೆ ಕಡೆ ಇದೆ. ಡ್ರೈವರ್ ಇರಬಹುದು, ಹೊಸದಾಗಿ ಹಾಕಿದ ಪ್ರೋಗ್ರಾಮ್ ಇರಬಹುದು. ‘ಸಕ್ಸೆಸ್‌ಫುಲಿ ರಿಪೇರ್ಡ್’ ಅಂತ ಬಂದರೆ ರೀಸ್ಟಾರ್ಟ್ ಮಾಡಿ, ಇದೇ ಕಮಾಂಡನ್ನು ಇನ್ನೊಂದು ಸಲ ಓಡಿಸಿ. ಎರಡನೇ ಸಲ ಏನೂ ಸಿಗಬಾರದು. ಮತ್ತೆ ಹೊಸ ಫೈಲ್ ಕೆಟ್ಟಿದೆ ಅಂದರೆ ಡಿಸ್ಕ್, ರ‍್ಯಾಮ್ ಮೇಲಿನ ಅನುಮಾನ ಇನ್ನೂ ತೀರಿಲ್ಲ. ‘ಅನೇಬಲ್ ಟು ಫಿಕ್ಸ್ ಸಮ್ ಆಫ್ ದೆಮ್’ ಅಂದರೆ ಅಟ್ಟದ ಬೀಜ ಕೆಟ್ಟಿದೆ, ಡಿಸ್ಮ್‌ಗೆ ಹೋಗಿ. ‘ರಿಪೇರ್ ಪೆಂಡಿಂಗ್’ ಅಂತ ಬಂದರೆ ಒಂದು ಸಲ ರೀಸ್ಟಾರ್ಟ್ ಮಾಡಿ ಮತ್ತೆ ಶುರುಮಾಡಿ.

ಡಿಸ್ಮ್

ಅದೇ ಕಪ್ಪು ಕಿಟಕಿಯಲ್ಲಿ, ಇಂಟರ್ನೆಟ್ ಹಾಕಿಕೊಂಡು:

ಡಿ ಐ ಎಸ್ ಎಮ್, ಗ್ಯಾಪ್, ಸ್ಲ್ಯಾಶ್ ಆನ್‌ಲೈನ್, ಗ್ಯಾಪ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಗ್ಯಾಪ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್

ಇಲ್ಲಿ ಜನ ತಪ್ಪುವುದು ಎರಡು ಕಡೆ. ಸ್ಲ್ಯಾಶ್ ಆದ ಮೇಲೆ ಗ್ಯಾಪ್ ಕೊಡುತ್ತಾರೆ, ಕೊಡಬಾರದು. ಕ್ಲೀನಪ್, ಇಮೇಜ್ ನಡುವಿನ ಹೈಫನ್ ಬಿಡುತ್ತಾರೆ, ಬಿಡಬಾರದು.

20ರಲ್ಲೋ 62ರಲ್ಲೋ ಶೇಕಡಾ ಲೆಕ್ಕ ನಿಂತ ಹಾಗೆ ಕಾಣುತ್ತದೆ. ಕೆಟ್ಟು ನಿಂತದ್ದಲ್ಲ, ಹಿಂದೆ ಕೆಲಸ ನಡೆಯುತ್ತಿರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ನೆಟ್‌ವರ್ಕ್ ಮಂದ ಇರುವ ಊರಿನಲ್ಲಿ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಊಟ ಮಾಡಿ ಬನ್ನಿ. ಮುಗಿದ ಮೇಲೆ ಎಸ್‌ಎಫ್‌ಸಿಯನ್ನು ಮತ್ತೆ ಓಡಿಸಲೇಬೇಕು. ಡಿಸ್ಮ್ ಅಟ್ಟ ತುಂಬಿಸುತ್ತದೆ, ಗದ್ದೆಗೆ ಇಳಿಯುವುದು ಎಸ್‌ಎಫ್‌ಸಿ. ಮೈಕ್ರೋಸಾಫ್ಟ್ ಡಿಸ್ಮ್ ಮೊದಲು, ಎಸ್‌ಎಫ್‌ಸಿ ಆಮೇಲೆ ಅನ್ನುತ್ತದೆ. ನಾನು ಎಸ್‌ಎಫ್‌ಸಿಯಿಂದ ಶುರುಮಾಡುವುದು ಅದಕ್ಕೆ ಇಂಟರ್ನೆಟ್ ಬೇಡ ಅನ್ನುವ ಕಾರಣಕ್ಕೆ. ಎರಡರಲ್ಲಿ ಯಾವುದು ಮೊದಲಾದರೂ ಕೊನೆಯದು ಎಸ್‌ಎಫ್‌ಸಿಯೇ ಆಗಿರಬೇಕು.

ಡಿಸ್ಮ್ ‘0ಎಕ್ಸ್800ಎಫ್081ಎಫ್’ ಅನ್ನುವ ಕೋಡ್ ಕೊಟ್ಟು ನಿಂತರೆ ಮೂಲ ಫೈಲುಗಳು ಸಿಗಲಿಲ್ಲ ಅಂತ ಅರ್ಥ. ಆಗ ಬೀಜವನ್ನು ನೀವೇ ತಂದುಕೊಡಬೇಕು. ಮೈಕ್ರೋಸಾಫ್ಟ್ ತಾಣದಿಂದ ನಿಮ್ಮದೇ ಆವೃತ್ತಿಯ ವಿಂಡೋಸ್‌ನ ಐಎಸ್‌ಒ ಫೈಲ್ ಇಳಿಸಿ. ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ದೊಡ್ಡ ಫೈಲು, ಕೆಲವು ಜಿಬಿ ಇರುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೊಸ ಡ್ರೈವ್ ಥರ ತೆರೆದುಕೊಳ್ಳುತ್ತದೆ. ಅದರ ಅಕ್ಷರ ಇ ಅಂತ ಇಟ್ಟುಕೊಳ್ಳೋಣ. ಮೊದಲು ಒಳಗೆ ಯಾವ ಯಾವ ವಿಂಡೋಸ್ ಇದೆ ಅಂತ ಕೇಳಬೇಕು:

ಡಿ ಐ ಎಸ್ ಎಮ್, ಗ್ಯಾಪ್, ಸ್ಲ್ಯಾಶ್ ಗೆಟ್ ಹೈಫನ್ ವಿಮ್‌ಇನ್ಫೋ, ಗ್ಯಾಪ್, ಸ್ಲ್ಯಾಶ್ ವಿಮ್‌ಫೈಲ್ ಕೋಲನ್ ಇ ಕೋಲನ್ ಬ್ಯಾಕ್‌ಸ್ಲ್ಯಾಶ್ ಸೋರ್ಸಸ್ ಬ್ಯಾಕ್‌ಸ್ಲ್ಯಾಶ್ ಇನ್‌ಸ್ಟಾಲ್ ಡಾಟ್ ವಿಮ್

ವಿಮ್ ಅಂದರೆ ಡಬ್ಲ್ಯೂ ಐ ಎಮ್. ಒಂದು ಪಟ್ಟಿ ಬರುತ್ತದೆ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್ ಅಲ್ಲ, ಹೋಮ್ ಸಿಂಗಲ್ ಲ್ಯಾಂಗ್ವೇಜ್. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ನಿಮ್ಮದು ಯಾವುದು ನೋಡಿ, ಪಟ್ಟಿಯಲ್ಲಿ ಅದರ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ 3 ಅಂತಾದರೆ, ಮೇಲಿನ ರಿಸ್ಟೋರ್‌ಹೆಲ್ತ್ ಕಮಾಂಡಿನ ಬಾಲಕ್ಕೆ ಇದನ್ನು ಸೇರಿಸಿ:

ಗ್ಯಾಪ್, ಸ್ಲ್ಯಾಶ್ ಸೋರ್ಸ್ ಕೋಲನ್ ವಿಮ್ ಕೋಲನ್ ಇ ಕೋಲನ್ ಬ್ಯಾಕ್‌ಸ್ಲ್ಯಾಶ್ ಸೋರ್ಸಸ್ ಬ್ಯಾಕ್‌ಸ್ಲ್ಯಾಶ್ ಇನ್‌ಸ್ಟಾಲ್ ಡಾಟ್ ವಿಮ್ ಕೋಲನ್ 3, ಗ್ಯಾಪ್, ಸ್ಲ್ಯಾಶ್ ಲಿಮಿಟ್‌ಆಕ್ಸೆಸ್

ಕೊನೆಯ ಪದ ವಿಂಡೋಸ್ ಅಪ್‌ಡೇಟ್ ಕಡೆ ಹೋಗಬೇಡ, ಇಲ್ಲಿಂದಲೇ ತೆಗೆದುಕೋ ಅನ್ನುತ್ತದೆ.

ಚೆಕ್‌ಡಿಸ್ಕ್ ಯಾವಾಗ

ಎಲ್ಲರೂ ಮೊದಲು ಹೇಳುವುದು ಚೆಕ್‌ಡಿಸ್ಕ್ ಓಡಿಸಿ ಅಂತ. ನಾನು ಕೊನೆಗೆ ಹೇಳುತ್ತಿದ್ದೇನೆ, ಕಾರಣ ಇದೆ. ‘ಸಿ ಎಚ್ ಕೆ ಡಿ ಎಸ್ ಕೆ, ಗ್ಯಾಪ್, ಸಿ ಕೋಲನ್, ಗ್ಯಾಪ್, ಸ್ಲ್ಯಾಶ್ ಎಫ್’ ಅಂದರೆ ಖಾತೆ ಪುಸ್ತಕ ಸರಿಮಾಡುತ್ತದೆ. ಈಗ ಆಗುವುದಿಲ್ಲ, ಮುಂದಿನ ಸಲ ಆನ್ ಆದಾಗ ಮಾಡಲಾ ಅಂತ ಕೇಳುತ್ತದೆ. ವೈ ಒತ್ತಿ, ರೀಸ್ಟಾರ್ಟ್ ಮಾಡಿ. ಕರೆಂಟ್ ಹೋದ ಮೇಲೆ ಇದನ್ನು ಓಡಿಸುವುದು ಒಳ್ಳೆಯದೇ.

ಎಫ್ ಬದಲು ಆರ್ ಕೊಟ್ಟರೆ ಡಿಸ್ಕ್‌ನ ಪ್ರತಿ ಸೆಕ್ಟರನ್ನೂ ಓದುತ್ತದೆ. 1 ಟಿಬಿ ಹಾರ್ಡ್‌ಡಿಸ್ಕ್‌ಗೆ ಹಲವು ಗಂಟೆ. ಸೊರಗಿದ ಡಿಸ್ಕ್ ಅಷ್ಟು ಹೊತ್ತು ಓಡಿದರೆ ಅಲ್ಲೇ ಸಾಯಬಹುದು. ಹಾಗಾಗಿ ಬರಹ ಹೊರಗೆ ತೆಗೆಯದೆ ಆರ್ ಕೊಡಲೇಬೇಡಿ. ಕೈಮುಗಿದು ಕೇಳುತ್ತೇನೆ. ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋಗಳು ಹೀಗೆ ಹೋದದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಕಂಪ್ಯೂಟರ್ ಆನೇ ಆಗದಿದ್ದರೆ

ಲೋಗೋ ಬಂದು ಸುತ್ತುತ್ತಲೇ ಇದೆ, ಅಥವಾ ನೀಲಿ ತೆರೆಯೇ ಮತ್ತೆ ಮತ್ತೆ ಬರುತ್ತಿದೆ. ಆಗ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ. ಲೋಗೋ ಬಂದಾಗ ಮತ್ತೆ ಹಾಗೇ ಆಫ್ ಮಾಡಿ. ಎರಡು ಸಲ ಹೀಗಾದ ಮೇಲೆ ಮೂರನೇ ಸಲ ವಿಂಡೋಸ್ ತಾನೇ ರಿಪೇರಿ ತೆರೆಗೆ ಹೋಗುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ಒತ್ತಿ.

ಬರಹ ಇನ್ನೂ ಒಳಗೇ ಇದ್ದರೆ ಇಲ್ಲಿಂದಲೂ ತೆಗೆಯಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಪೆನ್‌ಡ್ರೈವ್ ಚುಚ್ಚಿ, ಕಮಾಂಡ್ ಪ್ರಾಂಪ್ಟ್ ತೆರೆದು, ‘ನೋಟ್‌ಪ್ಯಾಡ್’ ಅಂತ ಹೊಡೆಯಿರಿ. ಖಾಲಿ ನೋಟ್‌ಪ್ಯಾಡ್ ತೆರೆಯುತ್ತದೆ. ಫೈಲ್, ಓಪನ್ ಒತ್ತಿ. ಕೆಳಗೆ ‘ಟೆಕ್ಸ್ಟ್ ಡಾಕ್ಯುಮೆಂಟ್ಸ್’ ಅಂತ ಇರುವುದನ್ನು ‘ಆಲ್ ಫೈಲ್ಸ್’ ಮಾಡಿ. ಈಗ ಅದೇ ಒಂದು ಫೈಲ್ ಎಕ್ಸ್‌ಪ್ಲೋರರ್. ನಿಮ್ಮ ಫೋಲ್ಡರ್ ಹುಡುಕಿ, ಬಲಗಡೆ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟಾಯಿತು ಅಂತ ತೋರಿಸುವುದಿಲ್ಲ, ತಾಳ್ಮೆಯಿಂದ ಕಾಯಬೇಕು. ಇಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು, ಸಿ ಇದ್ದದ್ದು ಡಿ ಆಗಿರಬಹುದು. ಹೆದರಬೇಡಿ, ವಿಂಡೋಸ್ ಫೋಲ್ಡರ್ ಎಲ್ಲಿದೆಯೋ ಅದೇ ನಿಮ್ಮ ಡ್ರೈವ್.

ಆಮೇಲೆ ರಿಪೇರಿ. ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಹಳೆಯ ರಿಸ್ಟೋರ್ ಪಾಯಿಂಟ್, ಅಂದರೆ ಸರಿ ಇದ್ದಾಗ ಉಳಿಸಿಟ್ಟ ವಿಂಡೋಸ್‌ನ ಸ್ಥಿತಿ, ಇದ್ದರೆ ಸಿಸ್ಟಮ್ ರಿಸ್ಟೋರ್, ಇದು ನಿಮ್ಮ ಬರಹ ಮುಟ್ಟುವುದಿಲ್ಲ. ಯಾವುದೂ ಆಗದಿದ್ದರೆ ಎಸ್‌ಎಫ್‌ಸಿಯನ್ನು ಹೊರಗಿನಿಂದ ಓಡಿಸಬಹುದು. ವಿಂಡೋಸ್ ಡಿ ಡ್ರೈವ್‌ನಲ್ಲಿ ಕಂಡಿತು ಅನ್ನೋಣ:

ಎಸ್ ಎಫ್ ಸಿ, ಗ್ಯಾಪ್, ಸ್ಲ್ಯಾಶ್ ಸ್ಕ್ಯಾನ್‌ನೌ, ಗ್ಯಾಪ್, ಸ್ಲ್ಯಾಶ್ ಆಫ್‌ಬೂಟ್‌ಡಿರ್ ಈಕ್ವಲ್ ಡಿ ಕೋಲನ್ ಬ್ಯಾಕ್‌ಸ್ಲ್ಯಾಶ್, ಗ್ಯಾಪ್, ಸ್ಲ್ಯಾಶ್ ಆಫ್‌ವಿನ್‌ಡಿರ್ ಈಕ್ವಲ್ ಡಿ ಕೋಲನ್ ಬ್ಯಾಕ್‌ಸ್ಲ್ಯಾಶ್ ವಿಂಡೋಸ್

ಆಫ್ ಅಂದರೆ ಓ ಎಫ್ ಎಫ್, ಡಿರ್ ಅಂದರೆ ಡಿ ಐ ಆರ್.

ಒಂದು ಫೈಲ್ ಕೆಟ್ಟು ಕಂಪ್ಯೂಟರ್ ಆನ್ ಆಗದಿದ್ದರೆ ಎಲ್ಲ ಮುಗಿಯಿತು ಅನ್ನಿಸುತ್ತದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸುರಕ್ಷಾ ತಂತ್ರಾಂಶದ ಒಂದು ತಪ್ಪು ಫೈಲಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದಕ್ಕೆ ಹೇಳಿದ ಪರಿಹಾರ ಏನು? ಇದೇ ರಿಪೇರಿ ತೆರೆಯಿಂದ ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಅಲ್ಲ. ಅಂದು ಐಟಿಯವರಿಗೆ ಹೆಚ್ಚು ಹೊತ್ತು ಹಿಡಿಸಿದ್ದರಲ್ಲಿ ಬಿಟ್‌ಲಾಕರ್ ಕೀ ಹುಡುಕುವುದೂ ಒಂದು.

ಫಾರ್ಮ್ಯಾಟ್‌ಗೆ ಒಂದು ಮೆಟ್ಟಿಲು ಮುಂಚೆ

ಎಸ್‌ಎಫ್‌ಸಿ, ಡಿಸ್ಮ್ ಎರಡೂ ಸೋತರೂ ವಿಂಡೋಸ್ ತೆರೆಯುತ್ತಿದ್ದರೆ, ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಬಹುದು. ಬರಹ, ಪ್ರೋಗ್ರಾಮ್ ಎಲ್ಲ ಹಾಗೇ ಉಳಿಯುತ್ತವೆ. ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋದರೆ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಅಂತ ಇದೆ, ಅದನ್ನು ಒತ್ತಿದರೆ ಸಾಕು. ಅದು ಇಲ್ಲದಿದ್ದರೆ ಐಎಸ್‌ಒ ತೆರೆದು ಸೆಟಪ್ ಓಡಿಸಿ, ‘ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್’ ಆರಿಸಿ. ಆ ಆಯ್ಕೆ ಮಸುಕಾಗಿದ್ದರೆ ಭಾಷೆ ಹೊಂದಿಲ್ಲ ಅಂತ ಇರಬಹುದು. ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಬೇರೆ, ಇಂಗ್ಲಿಷ್ ಇಂಟರ್‌ನ್ಯಾಷನಲ್ ಬೇರೆ. ಇನ್ನೊಂದನ್ನು ಇಳಿಸಿ ನೋಡಿ.

‘ರಿಸೆಟ್ ದಿಸ್ ಪಿಸಿ’ ಇದಕ್ಕಿಂತ ಕಠಿಣ. ‘ಕೀಪ್ ಮೈ ಫೈಲ್ಸ್’ ಅಂದರೂ ನೀವು ಹಾಕಿದ ಪ್ರೋಗ್ರಾಮ್‌ಗಳು ಹೋಗುತ್ತವೆ, ನುಡಿಯೂ ಹೋಗುತ್ತದೆ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಸಲಕರಣೆಗಳು ಅದರಲ್ಲೂ ನಡೆಯುತ್ತವೆ. ಆದರೆ ಹೇಗೂ ಹೊಸದಾಗಿ ಹಾಕುವ ಪ್ರಸಂಗ ಬಂದರೆ, ಕಂಪ್ಯೂಟರ್‌ಗೆ ತಾಕತ್ತಿದ್ದರೆ, 11ಕ್ಕೇ ಹೋಗಿ. ಆ್ಯಕ್ಟಿವೇಟರ್ ಹಾಕಿದ ಕಳ್ಳ ವಿಂಡೋಸ್ ಮಾತ್ರ ಬೇಡ. ಅವುಗಳಲ್ಲಿ ಎಷ್ಟೋ ಸಿಸ್ಟಮ್ ಫೈಲುಗಳಿಗೇ ಕೈ ಹಾಕುತ್ತವೆ, ಜೊತೆಗೆ ವೈರಸ್ ಕರೆತರುತ್ತವೆ.

ಸರಿಯಾದ ಮೇಲೆ

ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಹುಡುಕಿ. ಸಿ ಡ್ರೈವ್‌ನ ಮುಂದೆ ‘ಆಫ್’ ಅಂತ ಇದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ, ಒಂದು ಪಾಯಿಂಟ್ ಮಾಡಿಟ್ಟುಕೊಳ್ಳಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇದು ಆನ್ ಆಗಿರುವುದೇ ಇಲ್ಲ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ, ಜಾಗ ಸಾಲದೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ. ಡೆಸ್ಕ್‌ಟಾಪ್ ಇರುವವರು 600 ವಿಎ ಯುಪಿಎಸ್ ಒಂದನ್ನು ಇಟ್ಟುಕೊಳ್ಳಿ. ಅದು ಗಂಟೆಗಟ್ಟಲೆ ಕೆಲಸ ಮಾಡಲಿಕ್ಕಲ್ಲ, ಬೀಪ್ ಬಂದಾಗ ಸರಿಯಾಗಿ ಶಟ್‌ಡೌನ್ ಮಾಡಲಿಕ್ಕೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹಾಗಾಗಿ ಮಳೆಗಾಲದ ಮುಂಚೆ ಒಮ್ಮೆ ಗೋಡೆಯ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ.

ಚಿಕ್ಕಪ್ಪನ ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ವಿಂಡೋಸ್ ಹಾಕಿದೆವು. ಪೆನ್‌ಡ್ರೈವ್‌ನಿಂದ ಫೈಲುಗಳನ್ನು ವಾಪಸ್ ಹಾಕಿ ಮೊದಲನೆಯದನ್ನು ತೆರೆದಾಗ ತೆರೆ ತುಂಬ ಕಲಸುಮೇಲೋಗರ. "ಎಲ್ಲ ಹೋಯ್ತಲ್ಲೋ" ಅಂದರು. "ಇಲ್ಲ ಚಿಕ್ಕಪ್ಪ, ಫಾಂಟ್ ಹಾಕಿಲ್ಲ. ಆ ಇನ್ನೊಂದು ಫೋಲ್ಡರ್ ತೆರೀರಿ, ಎಲ್ಲ ಒಟ್ಟಿಗೆ ಆರಿಸಿ ಬಲಗಡೆ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ. ಈಗ ವರ್ಡ್ ಮುಚ್ಚಿ ಮತ್ತೆ ತೆರೀರಿ." ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು ತಮ್ಮ ಕೆರೆಯ ಅಧ್ಯಾಯದ ಮೊದಲ ಸಾಲನ್ನು ಫೋನಿನಲ್ಲಿ ಗಟ್ಟಿಯಾಗಿ ಓದತೊಡಗಿದರು.